ಪರದೆಯ ಹಿಂದಿನ ಕೊಡತಿ

ಸಿನಿಮಾದಲ್ಲಿ ಹಾಸ್ಯಪಾತ್ರ ಮಾಡಬೇಕೆಂಬ ಆಸೆಯಿಂದ ಈಗಲೂ ಒಬ್ಬಿಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜಗಲಿಯ ಮೇಲೆ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಲೋಟ ಕೆಳಗಿಟ್ಟ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಜನರನ್ನು ನಗಿಸುವುದು ಹೇಗೆ ಸ್ವಾಮಿ?" ನನಗೆ ಗೊತ್ತಿದ್ದರೆ ತಾನೆ ಹೇಳುವುದು! ನಗಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದು ಎರಡೇ: ಕಾಯುವುದು ಮತ್ತು ನಿಲ್ಲಿಸುವುದು. ಕಲಿಸಿದ ಪುಣ್ಯಾತ್ಮರು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಅವರ ಕೈಯಲ್ಲಿ ಯಾವಾಗಲೂ ಒಂದು ಮರದ ಕೊಡತಿ ಇರುತ್ತಿತ್ತು. ಅವರ ನಾಟಕ ಕಂಪನಿ ನನ್ನನ್ನು ಸಾಕಿ ಬೆಳೆಸಿತು. ಕೊನೆಗೆ ಆ ಕಂಪನಿಯ ಎದುರಿಗೇ ಡೇರೆ ಹಾಕಿ ಅದರ ಜನರನ್ನೆಲ್ಲ ಸೆಳೆದುಕೊಂಡದ್ದು ಬೇರೆ ಯಾರೂ ಅಲ್ಲ, ನನ್ನದೇ ನೆರಳು. ಅದನ್ನು ಬರೆದಿಡೋಣವೆಂದು ಕೂತಿದ್ದೇನೆ. ಹಾರ, ಶಾಲು, ಪದಕಗಳ ಸಂಗತಿ ಬೇಕಾದವರು ಬೇರೆ ಯಾರನ್ನಾದರೂ ಕೇಳಲಿ.

ನನ್ನೂರು ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿ. ಮನೆಯಲ್ಲಿ ಬೇಸಾಯ. ನಾಟಕದ ಹುಚ್ಚು ಹತ್ತಿ ನಾನು ಮನೆ ಬಿಟ್ಟಾಗ ಅಪ್ಪ ಹೆಚ್ಚೇನೂ ಅನ್ನಲಿಲ್ಲ. ಉಳುವಾಗ ಎತ್ತುಗಳನ್ನು ನಿಲ್ಲಿಸಿಕೊಂಡು ಅವುಗಳ ಜೊತೆಗೇ ಹರಟೆ ಹೊಡೆಯುವ ಮಗನಿಂದ ಗದ್ದೆ ಕೆಲಸ ಆಗುವುದಿಲ್ಲವೆಂದು ಅವನಿಗೆ ಮನವರಿಕೆಯಾಗಿತ್ತು. ನಾನು ಸೇರಿದ್ದು ಪುಟ್ಟಸ್ವಾಮಯ್ಯನವರ ಕಂಪನಿಗೆ. ಅವರನ್ನು ನಾವೆಲ್ಲ ಮಾಲೀಕರು ಎನ್ನುತ್ತಿದ್ದೆವು. ಹುಣಸೂರು, ಪಿರಿಯಾಪಟ್ಟಣ, ಎಡತೊರೆ, ಹೆಗ್ಗಡದೇವನಕೋಟೆ, ನಡುನಡುವೆ ಸಾಲಿಗ್ರಾಮ, ರಾವಂದೂರು. ಇವಿಷ್ಟೂ ನಮ್ಮ ಸೀಮೆ. ಒಂದೂರಲ್ಲಿ ಆಟ ಮುಗಿದರೆ ಎತ್ತಿನ ಗಾಡಿಗಳ ಮೇಲೆ ಡೇರೆ, ಪರದೆ, ಕಿರೀಟ, ಪಾತ್ರೆ ಪಗಡಗಳನ್ನು ಹೇರಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದೆವು. ನನಗೆ ಮೊದಲು ಕೊಟ್ಟ ಕೆಲಸ ಪರದೆಯ ಹಗ್ಗ ಎಳೆಯುವುದು. ಅದರಲ್ಲೂ ನಾನು ಅಂಥ ಹೆಸರೇನೂ ಪಡೆಯಲಿಲ್ಲ.

ನಮ್ಮ ಕಂಪನಿಗೆ ಜನ ಬರುತ್ತಿದ್ದದ್ದು ಸೀನರಿಗಾಗಿ. ಅರಮನೆ, ಕಾಡು, ಸೆರೆಮನೆ, ಸಮುದ್ರ, ಎಲ್ಲವನ್ನೂ ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಬರೆಸಿದ್ದರು. ನೋಡುವವರಿಗೆ ಸೊಗಸು, ಬದಲಾಯಿಸುವವರಿಗೆ ಪ್ರಾಣಸಂಕಟ. ಅರಮನೆಯನ್ನು ಸುತ್ತಿ ಕಾಡನ್ನು ಇಳಿಬಿಟ್ಟು, ಮರಗಳನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸುವಷ್ಟರಲ್ಲಿ ಜನ ಎದ್ದು ಹೋಗಬಾರದಲ್ಲ? ಅದಕ್ಕೆ ಮುಂದಿನ ಪರದೆ ಎಳೆದು, ಅದರ ಎದುರಿಗೆ ಹಾಸ್ಯಗಾರನನ್ನು ಒಬ್ಬನನ್ನೇ ನಿಲ್ಲಿಸುತ್ತಿದ್ದರು. ಅವನಿಗೆ ಬರೆದು ಕೊಟ್ಟ ಮಾತಿಲ್ಲ, ಹಾಡಿಲ್ಲ, ಜೊತೆಗಾರನಿಲ್ಲ. ಹಿಂದೆ ಸೀನು ಸಿದ್ಧವಾದ ಮೇಲೆ ಮಾಲೀಕರೇ ಹಲಗೆಯ ಮೇಲೆ ಕೊಡತಿಯಿಂದ ಧಡ್ ಧಡ್ ಧಡ್ ಎಂದು ಹೊಡೆಯುತ್ತಿದ್ದರು. ಆ ಏಟು ಬಿದ್ದರೆ ಹಾಸ್ಯಗಾರ ಇದ್ದ ಮಾತನ್ನು ಅಲ್ಲೇ ಗಂಟು ಹಾಕಿ ಒಳಗೆ ಹೋಗಬೇಕು. ಆ ಕೊಡತಿಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ನೋಡಲಿಲ್ಲ.

ಒಂದು ಸಲ ಹೆಗ್ಗಡದೇವನಕೋಟೆಯಲ್ಲಿ, ನಮ್ಮ ಬಾಯಲ್ಲಿ ಅದು ಬರೀ ಕೋಟೆ, ನಮ್ಮ ಹಾಸ್ಯಗಾರರಿಗೆ ಚಳಿಜ್ವರ ಬಂತು. ಆ ಕಾಲಕ್ಕೆ ಕೋಟೆಗೆ ಹೋಗಿ ಜ್ವರ ತರದೆ ಬಂದವನೇ ಇಲ್ಲ ಅನ್ನಿ. ಅರಮನೆಯ ಸೀನು ಮುಗಿಯಿತು, ಮುಂದಿನ ಪರದೆ ಬಿತ್ತು, ಹಾಸ್ಯಗಾರರು ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಾರೆ. ಮಾಲೀಕರು ಆಚೀಚೆ ನೋಡಿದರು, ಹಗ್ಗ ಹಿಡಿದು ನಿಂತಿದ್ದ ನನ್ನ ಹೆಗಲಿಗೆ ಕೈ ಹಾಕಿ ಮುಂದಕ್ಕೆ ನೂಕಿದರು.

"ಏನು ಮಾತಾಡ್ಲಿ ಮಾಲೀಕ್ರೆ?" ಅಂದೆ.

"ಏನಾರ ಮಾತಾಡ್ಲಾ ನಂಜ. ಕೊಡತಿ ಏಟು ಬೀಳೋಗಂಟ ಜನ ಏಳ್ಬಾರ್ದು, ಅಷ್ಟೇಯ" ಅಂದರು.

ಅದೇ ನನಗಾದ ಉಪದೇಶ. ಹೊರಗೆ ಬಂದು ನಿಂತರೆ ಸಾಲು ಸಾಲು ತಲೆಗಳು. ಏನೂ ತೋಚದೆ, ಗದ್ದೆಯಲ್ಲಿ ಎತ್ತಿನ ಜೊತೆ ಆಡುತ್ತಿದ್ದ ಮಾತನ್ನೇ ಆಡಿದೆ. ಎತ್ತು ನನಗೆ ಬುದ್ಧಿ ಹೇಳುವ ಹಾಗೆ, ನಾನು ಅದಕ್ಕೆ ಎದುರು ವಾದಿಸುವ ಹಾಗೆ. ಯಾರೂ ನಗಲಿಲ್ಲ. ಇನ್ನೊಂದು ಮಾತು ಆಡಿದೆ, ಆಗ ಹಿಂದಿನ ಮಾತಿಗೆ ನಕ್ಕರು. ಕೋಟೆಯ ಜನರ ನಗೆಯೇ ಹಾಗೆಂದು ಆಮೇಲೆ ಗೊತ್ತಾಯಿತು. ಮಾತನ್ನು ಒಳಗೆ ತೆಗೆದುಕೊಂಡು, ಅಕ್ಕಪಕ್ಕದವರ ಮುಖ ನೋಡಿ, ಆಮೇಲೆ ನಗುತ್ತಾರೆ. ಶುರುವಾದರೆ ಮಾತ್ರ ಬೇಗ ನಿಲ್ಲುವುದಿಲ್ಲ. ಅವರಿಗಾಗಿ ಕಾಯಬೇಕು. ಕಾಯಲಾರದವನು ಅಲ್ಲಿ ನಿಲ್ಲಲಾರ. ಅಂದಿನಿಂದ ಪರದೆಯ ಮುಂದೆ ನಿಲ್ಲುವ ಕೆಲಸ ನನ್ನದಾಯಿತು.

ಕೋಟೆಯಲ್ಲಿ ಇನ್ನೊಂದು ತಾಪತ್ರಯವಿತ್ತು. ಬೆಳಕು ಹರಿಯದೆ ಆಟ ಮುಗಿಸುವ ಹಾಗಿರಲಿಲ್ಲ. ಕತ್ತಲಲ್ಲಿ ದಾರಿಯ ಮೇಲೆ ಆನೆಗಳು ಇರುತ್ತಿದ್ದವು; ಸುತ್ತಲ ಹಳ್ಳಿಗಳಿಂದ ಪಂಜು ಹಿಡಿದು ಬಂದವರು ಡೇರೆ ಬಿಟ್ಟು ಏಳುತ್ತಿರಲಿಲ್ಲ. ರಾಜ ಸತ್ತು, ರಾಣಿ ಅತ್ತು, ಮಂಗಳಾರತಿ ಆದರೂ ಜನ ಕೂತೇ ಇರುತ್ತಿದ್ದರು. "ಸಾಮೀ, ಇನ್ನೂ ಕೋಳಿ ಕೂಗಿಲ್ಲ ಕಣ್ರೀ, ಆ ಎತ್ತಿನೋನ್ನ ವಸಿ ಕಳ್ಸಿ" ಎಂದು ಕೂಗುತ್ತಿದ್ದರು. ನಾನು ಹೋಗಿ ನಿಲ್ಲುತ್ತಿದ್ದೆ. ಮಾತನ್ನು ಎಳೆಯುವುದನ್ನು ನಾನು ಕಲಿತದ್ದು ಕಾಡಾನೆಗಳ ದಯೆಯಿಂದ.

ಊರಿಗೊಂದು ನಗೆ. ಇದು ನಾನು ಹುಡುಗರಿಗೆ ಹೇಳುವ ಒಂದೇ ಪಾಠ. ಸಂಜೆಯ ಆಟಕ್ಕೆ ಬೆಳಗ್ಗೆಯೇ ಕೆಲಸ ಶುರು. ಕ್ಷೌರದವನ ಹತ್ತಿರ ಕೂರುತ್ತಿದ್ದೆ, ಸಂತೆಯಲ್ಲಿ ಸುತ್ತುತ್ತಿದ್ದೆ, ಊರು ಯಾವುದರ ಬಗ್ಗೆ ಗೊಣಗುತ್ತಿದೆ ಎಂದು ಕಿವಿ ಕೊಡುತ್ತಿದ್ದೆ. ಹೊಳೆ ಬಂದು ಹಳೆಯ ಎಡತೊರೆ ಕೆಟ್ಟ ಮೇಲೆ ಮಹಾರಾಜರ ಸರ್ಕಾರ ಹೊಸ ಊರು ಕಟ್ಟಿಸಿ ಕೃಷ್ಣರಾಜನಗರ ಎಂದು ಹೆಸರಿಟ್ಟಿತಲ್ಲ, ಅಲ್ಲಿ ನನಗೆ ಹಬ್ಬ. ಬೀದಿಗಳೆಲ್ಲ ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ. ಜಗಳವಾಡಿದವನು ತಪ್ಪಿಸಿಕೊಂಡು ಓಡಿದರೆ ಮರೆಯಾಗಲು ಒಂದು ತಿರುವಿಲ್ಲ, ಸಾಲ ಕೊಟ್ಟವನು ಊರಿನ ಆ ತುದಿಯಿಂದಲೇ ಕಾಣುತ್ತಾನೆ, ಹೆಂಡತಿ ಬಾಗಿಲಲ್ಲಿ ನಿಂತರೆ ಗಂಡ ಎಲ್ಲಿ ಹರಟುತ್ತಿದ್ದಾನೆಂದು ಗೊತ್ತಾಗಿಬಿಡುತ್ತದೆ. ಇಷ್ಟು ಹೇಳಿದರೆ ಡೇರೆಯೇ ಅಲ್ಲಾಡುತ್ತಿತ್ತು. ಅದೇ ಮಾತನ್ನು ಸಾಲಿಗ್ರಾಮದಲ್ಲಿ ಆಡಿದೆ, ಒಬ್ಬರೂ ತುಟಿ ಅಲ್ಲಾಡಿಸಲಿಲ್ಲ. ಅವರ ಬೀದಿಗಳಲ್ಲಿ ತಿರುವು ಬೇಕಾದಷ್ಟಿತ್ತು.

ಎಡವಟ್ಟು ಮಾಡಿಕೊಳ್ಳದ ಹಾಸ್ಯಗಾರನಿಲ್ಲ. ನನ್ನ ದೊಡ್ಡ ಎಡವಟ್ಟು ಆದದ್ದು ಹುಣಸೂರಿನಲ್ಲಿ. ಹುಣಸೂರು ಗಾಡಿಗಳಿಗೆ ಹೆಸರಾದ ಊರು; ಸುತ್ತ ಎತ್ತ ನೋಡಿದರೂ ಚಕ್ರ, ನೊಗ, ಮೂಕಿ. ನಮ್ಮ ಡೇರೆಯ ಹಿಂದೆಯೇ ಒಬ್ಬ ಆಚಾರಿಯ ಮನೆ. ಅವನು ಮಾರನೆಯ ದಿನಕ್ಕೆ ಗಾಡಿ ಕೊಡುತ್ತೇನೆಂದು ಒಪ್ಪಿಕೊಂಡು, ರಾತ್ರಿಯೂ ಕೆಲಸಕ್ಕೆ ಕೂತಿದ್ದನಂತೆ. ನಾನು ಮಾತಿಗೆ ನಿಂತು ಇನ್ನೂ ಬಿಸಿಯೇರಿರಲಿಲ್ಲ, ಹಿಂದಿನಿಂದ ಧಡ್ ಧಡ್ ಧಡ್ ಎಂದಿತು. 'ಇವತ್ತು ಇಷ್ಟು ಬೇಗ ಕಾಡು ಬೆಳೆಯಿತೇ!' ಎಂದುಕೊಂಡು ಕೈಮುಗಿದು ಒಳಗೆ ಬಂದೆ. ನಾನು ಬಂದದ್ದನ್ನು ಕಂಡು ಹಗ್ಗದವನು ಪರದೆ ಮೇಲಕ್ಕೆಳೆದ. ಎದುರಿಗೆ ಅರ್ಧ ಅರಮನೆ, ಅರ್ಧ ಕಾಡು. ಆ ಕಾಡಿನ ನಡುವೆ, ಗಂಡನನ್ನು ಅಗಲಿ ಅನ್ನ ನೀರು ಬಿಟ್ಟು ಸೊರಗಿದ್ದ ಮಹಾರಾಣಿ, ಎಂದರೆ ನಮ್ಮ ಸ್ತ್ರೀಪಾತ್ರದ ರಾಜಣ್ಣ, ಸಿಂಹಾಸನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುದ್ದೆ ನುಂಗುತ್ತಿದ್ದಾಳೆ. ಬಾಯಲ್ಲಿದ್ದ ತುತ್ತು ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಹುಣಸೂರಿನವರು ಅಂದು ನಕ್ಕಷ್ಟು ನನ್ನ ಯಾವ ಮಾತಿಗೂ ನಕ್ಕಿಲ್ಲ.

ಮಾಲೀಕರು ಬಯ್ಯಲಿಲ್ಲ. ಮಾರನೆಯ ಬೆಳಗ್ಗೆ ನನ್ನನ್ನು ಡೇರೆಯ ಹಿಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಆಚಾರಿ ಚಕ್ರ ಬಡಿಯುತ್ತಿದ್ದ.

"ಕೇಳ್ಸ್ಕೊ. ಇದು ಅವನ ಏಟು" ಅಂದರು. ಆಮೇಲೆ ತಾವು ಕೊಡತಿಯಿಂದ ಹಲಗೆ ಬಡಿದರು. "ಇದು ನಂದು. ಅವನು ಗಾಡಿಗೋಸ್ಕರ ಹೊಡೀತಾನೆ. ನಾನು ನಿನಗೋಸ್ಕರ ಹೊಡೀತೀನಿ. ಯತ್ಯಾಸ ತಿಳೀತಾ?"

ಅಂದಿನಿಂದ ಆ ಏಟು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಒಂದು ಕಿವಿ ಜನರ ಕಡೆಗೆ, ಇನ್ನೊಂದು ಹಿಂದಕ್ಕೆ. ಹಿಂದೆ ಮೊಳೆ ಹೊಡೆಯುವ ಸದ್ದು, ಹಗ್ಗ ಜಗ್ಗುವ ಸದ್ದು, ಮರ ಎಳೆಯುವ ಸದ್ದು ಕೇಳಿಸಿಕೊಂಡೇ ಇನ್ನೆಷ್ಟು ಮಾತು ಬೇಕೆಂದು ಅಂದಾಜು ಮಾಡುತ್ತಿದ್ದೆ. ಕೊಡತಿ ಬೀಳುವುದಕ್ಕೂ ಜನ ಎಲ್ಲಕ್ಕಿಂತ ಜೋರಾಗಿ ನಗುವುದಕ್ಕೂ ಸರಿಹೋಯಿತೆಂದರೆ, ಅಬ್ಬಾ, ಆ ಸುಖ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಒಳಗೆ ಬಂದಾಗ ಮಾಲೀಕರು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅವರ ಕಣ್ಣೆಲ್ಲ ಸೀನಿನ ಮೇಲೆ. ಒಂದು ದಿನವಾದರೂ ಅವರು 'ಚೆನ್ನಾಗಿತ್ತು ಕಣೋ' ಅನ್ನಲಿ ಎಂದು ನಾನು ಎಷ್ಟು ಆಸೆಪಟ್ಟೆನೋ!

ಹೀಗಿರುವಾಗ ಮಾತಾಡುವ ಸಿನಿಮಾ ಬಂತು. ಮದರಾಸಿನಲ್ಲಿ ಕನ್ನಡ ಚಿತ್ರ ತೆಗೆಯುತ್ತಿದ್ದವರೊಬ್ಬರು ಹುಣಸೂರಿನಲ್ಲಿ ನನ್ನ ಮಾತು ಕೇಳಿ ಕರೆದರು. ಹೇಗೆ ಹೇಳುವುದೆಂದು ತಿಳಿಯದೆ ಎರಡು ದಿನ ಮಾಲೀಕರ ಹಿಂದೆ ಮುಂದೆ ಸುಳಿದಾಡಿದೆ. ಕೊನೆಗೆ ಅವರೇ ಬಾಯಿ ಬಿಟ್ಟರು.

"ಓಗು. ಬ್ಯಾಡ ಅನ್ನಾಕೆ ನಾನ್ಯಾರು. ಅಲ್ಲಿಗೋದ್ಮೇಲೆ ಕೊಡತಿ ಯಾರ ಕೈಲದೆ ಅಂತ ಮೊದ್ಲು ನೋಡ್ಕೊ."

ಮದರಾಸಿನ ಸ್ಟುಡಿಯೋದಲ್ಲಿ ಕೊಡತಿ ಯಾರ ಕೈಯಲ್ಲೂ ಇರಲಿಲ್ಲ. ಮೇಲಿನಿಂದ ಸುಡುವ ದೀಪಗಳು, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು, ಬಾಗಿಲು ಹಾಕಿದ್ದರು. ನನ್ನದು ಮದುವೆ ದಲ್ಲಾಳಿಯ ಪಾತ್ರ. ಮೊದಲ ಮಾತು ಆಡಿ, ಅಭ್ಯಾಸಬಲದಿಂದ ನಿಂತೆ. ಡೈರೆಕ್ಟರು "ಕಟ್" ಎಂದರು. ನಮ್ಮ ಮೈಸೂರಿನ ಕಡೆಯವರೇ, ಸೌಮ್ಯ ಮನುಷ್ಯ.

"ಅಲ್ಲಿ ಯಾಕೆ ನಿಂತಿರಿ ನಂಜುಂಡಪ್ಪನವರೇ?"

"ಜನ ನಗಲಿ ಅಂತ ಸ್ವಾಮಿ."

"ಯಾವ ಜನ?"

ಸುತ್ತ ನೋಡಿದೆ. ದೀಪ ಹಿಡಿದವರು ಕಲ್ಲಿನಂತೆ ನಿಂತಿದ್ದರು. ಕೆಮ್ಮು ಬಂದರೂ ಕೆಮ್ಮಬಾರದೆಂದು ಅವರಿಗೆ ಅಪ್ಪಣೆಯಾಗಿತ್ತು. ಅವತ್ತು ಊಟ ಸೇರಲಿಲ್ಲ. ಡೇರೆಯ ಬೀಡಿ ಹೊಗೆ, ಕಡಲೆಕಾಯಿ ಸಿಪ್ಪೆ, ಅಳುವ ಮಗು, ಎಲ್ಲ ನೆನಪಾಗಿ ಕಣ್ಣಲ್ಲಿ ನೀರು ಬಂತು. ಆ ಚಿತ್ರದಲ್ಲಿ ಎಲ್ಲೂ ನಿಲ್ಲದೆ ಮಾತು ಒಪ್ಪಿಸಿ ಬಂದೆ. ಚಿತ್ರ ಬಿಡುಗಡೆಯಾದಾಗ ಡೈರೆಕ್ಟರೂ ನಾನೂ ಮೈಸೂರಿನಲ್ಲಿ ಜನರ ನಡುವೆ ಕೂತು ನೋಡಿದೆವು. ಒಂದು ಮಾತಿಗೆ ಜನ ನಗುತ್ತಿದ್ದರು, ಆ ನಗೆಯಲ್ಲಿ ಮುಂದಿನ ಎರಡು ಮಾತು ಕೊಚ್ಚಿಹೋಗುತ್ತಿದ್ದವು. ಡೈರೆಕ್ಟರು ನನ್ನ ತೊಡೆ ತಟ್ಟಿ, "ಮುಂದಿನ ಚಿತ್ರದಲ್ಲಿ ನಿಲ್ಲಿ. ಆದರೆ ಬರಿದೆ ನಿಲ್ಲಬೇಡಿ, ಕೈಗೆ ಏನಾದರೂ ಕೆಲಸ ಕೊಡಿ" ಅಂದರು.

ಮುಂದಿನ ಚಿತ್ರದಲ್ಲೂ ನಾನು ದಲ್ಲಾಳಿಯೇ. ಪ್ರತಿ ಮಾತಾದ ಮೇಲೂ ನಶ್ಯದ ಡಬ್ಬಿಗಾಗಿ ತಡಕಾಡಿದೆ. ಕೋಟಿನ ಜೇಬು, ರುಮಾಲಿನ ಮಡಿಕೆ, ಪಂಚೆಯ ಗಂಟು. ಮನಸ್ಸಿನಲ್ಲಿ ಕೋಟೆಯ ಜನರನ್ನು ಎದುರಿಗೆ ಕೂರಿಸಿಕೊಂಡು, ಅವರು ನಕ್ಕು ಮುಗಿಸುವ ತನಕ ಹುಡುಕುತ್ತಿದ್ದೆ. ಆ ನಶ್ಯದ ಡಬ್ಬಿಯೇ ನನಗೆ ಹೆಸರು ತಂದಿತು. ಬಸ್ಸಿನಲ್ಲಿ ಕೂತರೆ ಪಕ್ಕದವರು ನಶ್ಯ ಬೇಕೇ ಎಂದು ಕೇಳುವಂತಾಯಿತು. ನಾನು ಹುಟ್ಟಿದಾಗಿನಿಂದ ನಶ್ಯ ಮುಟ್ಟಿದವನಲ್ಲ.

ಯುದ್ಧದ ಕಾಲ. ಎರಡು ಚಿತ್ರಗಳ ನಡುವೆ ಬಿಡುವು ಸಿಕ್ಕಿ ಊರಿಗೆ ಹೊರಟಿದ್ದೆ. ಇದ್ದಿಲ ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ಹುಣಸೂರಿಗೆ ಬಂದು ನಿಂತಾಗ ಕಂಡಕ್ಟರು ನನ್ನ ಗುರುತು ಹಿಡಿದ.

"ಅಲ್ಲ ಸಾಮಿ, ಪಿರಿಯಾಪಟ್ಣದಲ್ಲಿ ನಿಮ್ಮುದೇ ಸಿನಿಮಾ ಓಡ್ತಾ ಅದೆ. ಅದರ ಎದುರ್ಗೇ ನಿಮ್ ಹಳೇ ಕಂಪನಿ ಡೇರೆ. ಅತ್ಲಾಗೆ ಕಾಲಿಡಾಕೆ ಜಾಗಿಲ್ಲ, ಇತ್ಲಾಗೆ ನೊಣ ಓಡಿಸ್ತಾ ಕುಂತವ್ರೆ."

ನಗಿಸಬೇಕೆಂದು ಹೇಳಿದ ಮಾತು. ನನಗೆ ನಗೆ ಬರಲಿಲ್ಲ. ಇಳಿಯದೆ ಅದೇ ಬಸ್ಸಿನಲ್ಲಿ ಪಿರಿಯಾಪಟ್ಟಣಕ್ಕೆ ಹೋದೆ.

ಒಂದೇ ಬಯಲಿನ ಎರಡು ತುದಿಯಲ್ಲಿ ಎರಡು ಡೇರೆ. ಆ ತುದಿಯದಕ್ಕೆ ಬಣ್ಣದ ಬೋರ್ಡು, ಅದರಲ್ಲಿ ನಾನು ನಶ್ಯ ಏರಿಸುತ್ತಿದ್ದೇನೆ. ಈ ತುದಿಯದಕ್ಕೆ ತೇಪೆಯ ಮೇಲೆ ತೇಪೆ. ಮಾಲೀಕರು ಒಳಗೆ ಒಬ್ಬರೇ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಲಿಗೆ ನಮಸ್ಕಾರ ಮಾಡಿದೆ.

"ಜನ ನಿನ್ನ ನೋಡಾಕೆ ಅತ್ಲಾಗೆ ಓಯ್ತಾವ್ರೆ ಕಣ್ಲಾ" ಅಂದರು. ಸಿಟ್ಟಿರಲಿಲ್ಲ. "ತಪ್ಪೇನದೆ? ನಾನೂ ಓಗಿರೋನು. ಡೇರೆ ಬುಟ್ಟು ಓಗಂಗಿಲ್ವಲ್ಲ. ಹುಣಸೂರು ಕೈ ಬುಡ್ತು, ಕೃಷ್ಣರಾಜನಗರ ಕೈ ಬುಡ್ತು. ಇದೊಂದೂರು ಉಳ್ದದೆ."

ಆ ಒಂದೂರನ್ನೂ ಕಿತ್ತುಕೊಳ್ಳುತ್ತಿರುವವನು ನಾನೇ. ನನಗೆ ತಡೆಯಲಾಗಲಿಲ್ಲ.

"ಇವತ್ತು ಪರದೆ ಮುಂದೆ ನಾನು ನಿಂತ್ಕತೀನಿ ಮಾಲೀಕ್ರೆ. ಕೊಡತಿ ಮಾತ್ರ ನೀವೇ ಹೊಡೀಬೇಕು."

ಅವರು ಪಕ್ಕದಲ್ಲಿದ್ದ ಕೊಡತಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಆಗ್ಲಿ" ಅಂದರು.

ದೀಪ ಹಚ್ಚುವ ಹೊತ್ತಿಗೆ ಆ ಡೇರೆಯ ಮುಂದೆ ಜಾತ್ರೆ, ನಮ್ಮಲ್ಲಿ ಮುಂದಿನ ಎರಡು ಚಾಪೆ ಅಷ್ಟೇ ತುಂಬಿತ್ತು. ಮೊದಲ ಸೀನು ಮುಗಿದು ಪರದೆ ಬಿತ್ತು, ನಾನು ಬಂದು ನಿಂತೆ. ಇನ್ನೂ ಬಾಯಿ ತೆರೆದಿಲ್ಲ, ಆಚೆಯಿಂದ ಗಾಳಿಯಲ್ಲಿ ನನ್ನ ದನಿಯೇ ತೇಲಿ ಬಂತು: "ನಮ್ಮ ಹುಡುಗನಿಗೆ ಕೆಟ್ಟ ಅಭ್ಯಾಸ ಒಂದೂ ಇಲ್ಲ!"

ಆ ಮಾತಾದ ಮೇಲೆ ಸಿನಿಮಾದ ದಲ್ಲಾಳಿ ಡಬ್ಬಿ ಹುಡುಕುತ್ತಾನೆಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತು ಹುಡುಕುತ್ತಾನೆಂಬುದೂ ಗೊತ್ತಿತ್ತು.

"ನಂಬಬ್ಯಾಡಿ ಕಣ್ರಪ್ಪೋ, ಅವನು ಬುಡೋದು ಬರೀ ರೈಲು!" ಅಂದೆ. "ಆ ಹುಡ್ಗನ್ನ ನಾ ಕಂಡಿವ್ನಿ. ಅವನ್ಗೆ ಮೊದ್ಲೇ ಹೆಣ್ಣು ಕೊಟ್ಟು ಕೆಟ್ಟೋನು ನಾನೇಯ!"

ಚಾಪೆಯ ಮೇಲಿದ್ದವರು ಬೆಚ್ಚಿ ನಕ್ಕರು. ಅವನು ಆಚೆಯಿಂದ: "ಬೆಳಗಾಗುವ ಮೊದಲೇ ಏಳುತ್ತಾನೆ!"

"ಊ ಕಣ್ರಪ್ಪ. ಅಪ್ಪ ಎದ್ರೆ ಹೊಲ ಉಳಾಕೆ ಕರೀತಾನೆ ಅಂತ, ಎದ್ದು ಓಡೋಯ್ತಾನೆ!"

"ಹೆಚ್ಚು ಮಾತೇ ಆಡುವುದಿಲ್ಲ!"

"ಬಾಯ್ತುಂಬ ಎಲೆಅಡಿಕೆ ತುಂಬ್ಕಂಡಿದ್ರೆ ಮಾತು ಯಾವ ಸಂದೀಲಿ ಬರಬೇಕು?"

ಅವನು ಬಿಟ್ಟ ಪ್ರತಿಯೊಂದು ಜಾಗದಲ್ಲೂ ನನ್ನ ಮಾತು ಕೂತಿತು. ಕೋಟೆಯ ಜನ ನಗಲೆಂದು ಮದರಾಸಿನಲ್ಲಿ ಬಿಟ್ಟಿದ್ದ ಜಾಗ ಅದು. ಸಿನಿಮಾ ಡೇರೆಯಲ್ಲಿ ಒಂದೇ ಮೆಷಿನ್ನು, ರೀಲು ಬದಲಾಯಿಸಲು ಪ್ರತಿ ಸಲ ನಿಲ್ಲಿಸಬೇಕು. ನಿಲ್ಲಿಸಿದಾಗ ಬೀಡಿ ಸೇದಲು ಹೊರಗೆ ಬಂದವರಿಗೆ ನಮ್ಮ ನಗೆ ಕೇಳಿಸಿತು. ಇಬ್ಬರು ಬಂದು ಇಣುಕಿದರು. ಒಬ್ಬ ತಿರುಗಿ ಕೂಗಿದ: "ಬರ್ರಲಾ, ಅಲ್ಲೂ ಅವನೇ, ಇಲ್ಲೂ ಅವನೇ! ಇಲ್ಲಿರೋನು ಕೇಳಿದ್ಕೆ ಉತ್ರ ಕೊಡ್ತಾನೆ ಕಣ್ಲಾ!"

ಮುಂದಿನ ರೀಲಿಗೆ ನಮ್ಮ ಚಾಪೆಗಳೆಲ್ಲ ತುಂಬಿದವು. ಅದರ ಮುಂದಿನದಕ್ಕೆ ಜನ ನಿಂತುಕೊಂಡರು. ಹೆಂಗಸರ ಕಡೆಯಿಂದ ಶುರುವಾದ ನಗೆ ಹಿಂದಿನ ತನಕ ಉರುಳಿಕೊಂಡು ಹೋಗುತ್ತಿತ್ತು. ಕಂಪನಿ ಉಳಿಯಿತು ಎಂದುಕೊಂಡೆ. ನನ್ನಿಂದ ಕೆಟ್ಟದ್ದನ್ನು ನಾನೇ ಸರಿಮಾಡಿದೆ ಎಂದು ಎದೆ ಉಬ್ಬಿತು.

ಆಗ ಹೊಳೆಯಿತು. ಕೊಡತಿ ಬಿದ್ದಿಲ್ಲ. ಒಂದು ಕಾಡು ನಿಲ್ಲಿಸಲು ಇಷ್ಟು ಹೊತ್ತು ಬೇಡ. ಹಿಂದಕ್ಕೆ ಕಿವಿಗೊಟ್ಟೆ. ಮೊಳೆಯ ಸದ್ದಿಲ್ಲ, ಹಗ್ಗದ ಸದ್ದಿಲ್ಲ. ಜನರ ಕಡೆ ಕಣ್ಣು ಹಾಯಿಸಿದೆ. ಮುಂದಿನ ಚಾಪೆಯ ಅಂಚಿನಲ್ಲಿ, ಮಡಿಲಲ್ಲಿ ಕೊಡತಿ ಇಟ್ಟುಕೊಂಡು, ಮಾಲೀಕರು ಕೂತಿದ್ದಾರೆ. ಪಕ್ಕದಲ್ಲಿ ಕಿರೀಟದ ಸಮೇತ ನಮ್ಮ ರಾಜ, ಸೀರೆಯಲ್ಲೇ ರಾಜಣ್ಣ. ಮಾಲೀಕರು ನಗುತ್ತಿದ್ದರು. ಮೈಯೆಲ್ಲ ಕುಲುಕಿಸಿಕೊಂಡು, ಕಣ್ಣು ಒರೆಸಿಕೊಂಡು ನಗುತ್ತಿದ್ದರು.

"ಮಾಲೀಕ್ರೆ, ನೀವಲ್ಲಿ ಕುಂತ್ರೆ ಕೊಡತಿ ಹೊಡೆಯೋರ್ಯಾರು?" ಎಂದು ಕೇಳಿಬಿಟ್ಟೆ. ಜನ ಹೋ ಎಂದರು.

"ಯಾತಕ್ಕೆ ಹೊಡೀಲಿ ನಂಜ?" ಅಂದರು ಕೂತಲ್ಲಿಂದಲೇ. "ಹಿಂದ್ಗಡೆ ಸೀನೇ ಇಲ್ಲ ಕಣ್ಲಾ. ಮೊದಲ್ನೇ ಸೀನು ಆದ್ಮೇಲೆ ಎಲ್ಲಾ ಬಿಚ್ಚಿ ಕಟ್ಟಾಕಿವ್ನಿ. ಬೆಳಗ್ಗೆ ಗಾಡಿ ಬತ್ತದೆ."

ಅದೂ ಹಾಸ್ಯವೆಂದುಕೊಂಡು ಜನ ಇನ್ನೂ ಜೋರಾಗಿ ನಕ್ಕರು. ಡೇರೆಯಲ್ಲಿ ಅದು ಅರ್ಥವಾದದ್ದು ನನಗೆ ಮತ್ತು ಕಂಪನಿಯವರಿಗೆ ಮಾತ್ರ. ಕಂಪನಿ ಮುಚ್ಚುವುದೆಂದು ಅವರು ಮೊದಲೇ ತೀರ್ಮಾನಿಸಿದ್ದರು. ನಾನು ತಡವಾಗಿ ಬಂದಿದ್ದೆ.

"ಇಷ್ಟು ವರ್ಷ ನಿನ್ನ ಮಾತು ಒಂದಿನಾನೂ ಕೇಳಿರ್ಲಿಲ್ಲ ಕಣೋ" ಅಂದರು. "ಸೀನು ಆಯ್ತಾ, ಸೀನು ಆಯ್ತಾ ಅಂತ ಅದ್ರಲ್ಲೇ ಇರ್ತಿದ್ದೆ. ಇವತ್ತು ಕುಂತು ಕೇಳ್ತಾ ಇವ್ನಿ. ಇನ್ನೊಸಿ ಹೇಳ್ಲಾ."

ಹೇಳಿದೆ. ಎತ್ತಿನ ಮಾತು ಹೇಳಿದೆ, ಕೃಷ್ಣರಾಜನಗರದ ನೆಟ್ಟನೆಯ ಬೀದಿಗಳನ್ನು ಹೇಳಿದೆ, ಹುಣಸೂರಿನ ಆಚಾರಿಯನ್ನೂ ಮುದ್ದೆ ನುಂಗಿದ ಮಹಾರಾಣಿಯನ್ನೂ ಹೇಳಿದೆ. ರಾಜಣ್ಣ ಸೆರಗಿನಿಂದ ಮುಖ ಮುಚ್ಚಿಕೊಂಡ. ನನ್ನ ಹತ್ತಿರ ಇದ್ದದ್ದೆಲ್ಲ ಬರಿದಾಗುತ್ತ ಬಂತು. ಆದರೆ ಹೇಗೆ ಮುಗಿಸಬೇಕೆಂದು ಗೊತ್ತಾಗಲಿಲ್ಲ. ನನ್ನ ಮಾತನ್ನು ನಾನೇ ಮುಗಿಸಿ ನನಗೆ ಅಭ್ಯಾಸವಿರಲಿಲ್ಲ.

ನನ್ನ ಮುಖ ನೋಡಿ ಅವರಿಗೇ ತಿಳಿಯಿತೇನೋ. ಮೊಣಕಾಲು ಹಿಡಿದು ಎದ್ದರು. ಕೊಡತಿ ತೆಗೆದುಕೊಂಡು ನನ್ನ ಎದುರಿಗೆ ಬಂದರು. ಜನ ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದ ಗಳಿಗೆ ನೋಡಿ, ರಂಗದ ಹಲಗೆಯ ಮೇಲೆ ಧಡ್ ಧಡ್ ಧಡ್ ಎಂದು ಹೊಡೆದರು. ಅಷ್ಟು ವರ್ಷ ಬೆನ್ನ ಹಿಂದೆ ಕೇಳಿಸಿಕೊಂಡಿದ್ದ ಏಟನ್ನು ಅಂದು ಕಣ್ಣಾರೆ ಕಂಡೆ.

ಜನರಿಗೂ ಅವರಿಗೂ ಒಟ್ಟಿಗೇ ಕೈಮುಗಿದು, ಪರದೆ ಸರಿಸಿ ಒಳಗೆ ಹೋದೆ. ಅಲ್ಲಿ ಅರಮನೆಯೂ ಇರಲಿಲ್ಲ, ಕಾಡೂ ಇರಲಿಲ್ಲ. ಬೋಳು ಬಿದಿರಿನ ಗಳುಗಳು ನಿಂತಿದ್ದವು, ಅವುಗಳ ಆಚೆಗೆ ಪಿರಿಯಾಪಟ್ಟಣದ ಬಯಲು ಕಾಣುತ್ತಿತ್ತು. ಜನ ಇನ್ನೂ ನಗುತ್ತಲೇ ಇದ್ದರು.